ಮಗುವಿನ ತಲೆ ಆಪರೇಷನ್‌ಗೆ ಹೇಗೆ ಒಪ್ಪಿದಿರಿ?

ಮಗನಿಗೆ ಮೆದುಳಿನ ಆಪರೇಷನ್ ಆಗಿ ಎರಡು ವರ್ಷವಾಯಿತು. ಆಮೇಲೆ ಫಿಟ್ಸ್ ಬಂದಿಲ್ಲ, ಒಂದು ಮಾತ್ರೆ ಇನ್ನೂ ಇದೆ. ಅಂದಿನಿಂದ ತುಮಕೂರಿನ ನಮ್ಮ ಬೀದಿಯಲ್ಲಿ, ಬಸ್ಸಿನಲ್ಲಿ, ಮದುವೆ ಮನೆಯಲ್ಲಿ ಒಂದೇ ಪ್ರಶ್ನೆ: "ಅಷ್ಟು ಚಿಕ್ಕ ಮಗು ತಲೆ ಕುಯ್ಸೋಕೆ ನಿಂಗೆ ಮನಸ್ಸಾದ್ರೂ ಹೆಂಗೆ ಬಂತಮ್ಮಾ?"

ಹೇಳಿ ಹೇಳಿ ಸಾಕಾಗಿದೆ. ಮೊದಲು ಆ 'ಕುಯ್ಸೋದು' ಅನ್ನುವ ಮಾತು ಬಿಡಿ. ಅದು ಕುರಿ ಕೋಳಿಗೆ ಆಡುವ ಮಾತು. ಕಳೆದ ವರ್ಷ ಗುಬ್ಬಿಯಲ್ಲಿ ಒಂದು ಮದುವೆ. ಊಟದ ಸಾಲಿನಲ್ಲಿ ನಮ್ಮ ಯಜಮಾನರ ಕಡೆಯ ಅಜ್ಜಿಯೊಬ್ಬರು ಇದನ್ನೇ ಕೇಳಿದರು. ಮಗ ಪಕ್ಕದಲ್ಲೇ ಕೂತಿದ್ದ. ನನಗೆ ಮೈಯೆಲ್ಲ ಉರಿಯಿತು. ಅವನು ಮಾತ್ರ ತಲೆ ಬಗ್ಗಿಸಿ, "ಮುಟ್ಟಿ ನೋಡಿ ಅಜ್ಜಿ, ಹೊಲಿಗೆ ಹಾಕಿದ ಕಡೆ ಕೂದ್ಲು ಬಂದಿದೆ" ಎಂದ. ಅಜ್ಜಿ ಮುಟ್ಟಿದರು. "ನೋಯಲ್ವೇನೋ?" ಅಂದರು. "ಇಲ್ಲ, ಇನ್ನೊಂದು ಹೋಳಿಗೆ ಹಾಕ್ಸಿ" ಅಂದ. ಸಾಲಿನವರೆಲ್ಲ ನಕ್ಕರು, ನಾನೂ ನಕ್ಕೆ. ಸಿಟ್ಟು ಮಾತ್ರ ಇಳಿಯಲಿಲ್ಲ.

ಒಂದೂವರೆ ವರ್ಷದವನಿದ್ದಾಗ ಜ್ವರ ಏರಿ ತುಂಬಾ ಹೊತ್ತು ಫಿಟ್ಸ್ ಬಂತು. ಆರನೇ ವರ್ಷಕ್ಕೆ ಜ್ವರವಿಲ್ಲದೆಯೂ ಬರತೊಡಗಿತು. ಒಂದು ಮಾತ್ರೆ, ಎರಡು, ಮೂರು. ಸರಿಯಾದ ಎರಡು ಔಷಧಿಗೂ ನಿಲ್ಲದಿದ್ದರೆ ಮೂರನೆಯದಕ್ಕೆ ನಿಲ್ಲುವುದು ಕಷ್ಟ. ಮೂರ್ಛೆರೋಗ ಇರುವ ಮೂವರಲ್ಲಿ ಸುಮಾರು ಒಬ್ಬರದು ಇದೇ ಪಾಡು. ನಾವು ಮೊದಲು ತೋರಿಸಿದ ಡಾಕ್ಟರ್ ಇದನ್ನು ಹೇಳಲೇ ಇಲ್ಲ. ನಾಲ್ಕು ವರ್ಷ ಸುಮ್ನೆ ಚೀಟಿ ಬದಲಾಯಿಸಿದರು.

ಬೆಂಗಳೂರಿನಲ್ಲಿ ಎಂಆರ್‌ಐ ಮಾಡಿದಾಗ ಬಲಗಿವಿಯ ಒಳಬದಿಗೆ, ಮೆದುಳಿನಲ್ಲಿ ಗಾಯದ ಕಲೆಯಂಥದ್ದು ಕಂಡಿತು. ಆಪರೇಷನ್ ಮಾಡಬೇಕಾದರೆ ಫಿಟ್ಸ್ ಅಲ್ಲಿಂದಲೇ ಹೊರಡುತ್ತಿದೆಯಾ ಅಂತ ಗೊತ್ತಾಗಬೇಕು. ಮಾತು, ನೆನಪು, ಕೈಕಾಲಿಗೆ ಏಟು ಬೀಳದೆ ಅದನ್ನು ತೆಗೆಯಲು ಆಗಬೇಕು. ಎಲ್ಲ ಮಕ್ಕಳಿಗೂ ಆಪರೇಷನ್ ಮಾಡಲು ಆಗುವುದಿಲ್ಲ. ಫಿಟ್ಸ್ ಬರುವಾಗ ಮೆದುಳಿನ ವಿದ್ಯುತ್ ಅಲೆಗಳನ್ನೂ ಮಗುವಿನ ವಿಡಿಯೋವನ್ನೂ ಒಟ್ಟಿಗೆ ದಾಖಲಿಸುವ ವಿಡಿಯೋ ಇಇಜಿ ಪರೀಕ್ಷೆಗೆ ಅಡ್ಮಿಟ್ ಮಾಡಿ, ಬೇಕೆಂದೇ ಮಾತ್ರೆ ಕಡಿಮೆ ಮಾಡಿದರು. ಅಷ್ಟು ವರ್ಷ ಬರಬೇಡ ಎಂದು ಬೇಡಿಕೊಂಡಿದ್ದೆ. ಆ ಐದು ದಿನ ಬರಲಿ ಎಂದು ಕಾದೆ. ಬಂದ ಕೂಡಲೇ ಗುಂಡಿ ಒತ್ತಬೇಕಿತ್ತು. ಒತ್ತಿದೆ. ಆಮೇಲೆ ಅತ್ತೆ.

ನನ್ನ ಒಪ್ಪಿಗೆ ಅಲ್ಲೇ ಆಯಿತು. ನೀವು ಕೇಳಬೇಕಾಗಿದ್ದು ಬೇರೆ: ಅವನ ಅಪ್ಪ ಹೇಗೆ ಒಪ್ಪಿದರು? ಅವರನ್ನು ಯಾರೂ ಕೇಳುವುದಿಲ್ಲ. ಮನಸ್ಸು ಕಲ್ಲು ಮಾಡಿಕೊಂಡವಳು ತಾಯಿ ಮಾತ್ರ ಅಲ್ವಾ!

ಎಂಟು ತಿಂಗಳು ಅವರು ಒಪ್ಪಲಿಲ್ಲ. ದೆಹಲಿಯ ಏಮ್ಸ್‌ನಲ್ಲಿ ಔಷಧಿಗೆ ಬಗ್ಗದ 116 ಮಕ್ಕಳ ಮೇಲೆ ನಡೆದ ಅಧ್ಯಯನ 2017ರಲ್ಲಿ ಪ್ರಕಟವಾಗಿದೆ. ಒಂದು ವರ್ಷದ ಹೊತ್ತಿಗೆ ಆಪರೇಷನ್ ಆದವರಲ್ಲಿ ಶೇಕಡ 77 ಮಕ್ಕಳಿಗೆ ಫಿಟ್ಸ್ ಇರಲಿಲ್ಲ. ಔಷಧಿ ಮಾತ್ರ ಮುಂದುವರಿಸಿದವರಲ್ಲಿ ಶೇಕಡ 7. ನಾನು ಆ 77 ಹಿಡಿದುಕೊಂಡೆ. ಅದೇ ಅಧ್ಯಯನದಲ್ಲಿ ಆಪರೇಷನ್ ಆದ ಮೂವರಲ್ಲಿ ಒಬ್ಬರಿಗೆ ಗಂಭೀರ ತೊಂದರೆಯೂ ಆಗಿತ್ತು, ಮೈಯ ಒಂದು ಬದಿಯ ಬಲ ಕುಗ್ಗಿದ್ದೂ ಸೇರಿ. ಅವರು ಅದನ್ನು ಹಿಡಿದುಕೊಂಡರು. "ಫಿಟ್ಸಲ್ಲಿ ಏನಾದ್ರೂ ಆದ್ರೆ ದೇವ್ರು ಮಾಡಿದ್ದು. ಆಪರೇಷನ್ನಲ್ಲಿ ಆದ್ರೆ ನಾನೇ ಸೈನ್ ಹಾಕಿದ್ದು" ಅಂದರು. ಇದಕ್ಕೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಈಗಲೂ ಇಲ್ಲ.

ಒಂದು ಭಾನುವಾರ ನಲ್ಲಿ ನೀರು ಬಂತು. ಸಂಪಿನ ಮುಚ್ಚಳ ತೆಗೆದಿತ್ತು. ಮಗ ಪೈಪು ಹಿಡಿದು ನಿಂತಿದ್ದವನು ಹಾಗೇ ಕುಸಿದ. ಒಂದು ಕೈ ಸಂಪಿನ ಒಳಗೆ ನೇತಾಡುತ್ತಿತ್ತು. ಅವರು ಎರಡು ಹೆಜ್ಜೆ ದೂರದಲ್ಲಿದ್ದರು. ಎಳೆದು, ಮಗ್ಗುಲಿಗೆ ಮಲಗಿಸಿ, ಅವನ ತಲೆಯ ಕೆಳಗೆ ಕೈ ಕೊಟ್ಟು ಕೂತರು. ಯಾರೋ ಬೀಗದ ಕೀ ತಂದರು. ಬೇಡ ಅಂತ ಕೈಯಲ್ಲೇ ತಡೆದರು. ನೀರು ತುಂಬಿ ಅಂಗಳಕ್ಕೆಲ್ಲ ಹರಿಯಿತು.

ರಾತ್ರಿ ಊಟಕ್ಕೆ ಕೂತವರು ತುತ್ತು ಎತ್ತಲಿಲ್ಲ. "ಫೈಲ್ ಎಲ್ಲಿಟ್ಟಿದೀಯ?" ಅಂದರು.