ಮಾತು ಬಿಟ್ಟ ಮೂರು ಕ್ಯಾಲೆಂಡರ್‌ಗಳು

ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಿಂದ ಫೋನ್ ಬಂದಾಗ ಲ್ಯಾಪ್‌ಟಾಪಿನ ಮುಂದೆಯೇ ಕೂತಿದ್ದೆ. "ಮೇಡಂ, ಹತ್ತೂವರೆಗೆ ಬರ್ತೀನಿ ಅಂದಿದ್ರಲ್ಲ?" ಕ್ಯಾಲೆಂಡರ್ ಕಣ್ಣೆದುರಿಗೇ ತೆರೆದಿತ್ತು, ಹತ್ತೂವರೆಯ ಜಾಗ ಖಾಲಿ. ಫೋನಿನ ಕ್ಯಾಲೆಂಡರಿನಲ್ಲಿ ಮಾತ್ರ ನಾನೇ ಬರೆದದ್ದು ಅಚ್ಚುಕಟ್ಟಾಗಿ ಕೂತಿತ್ತು. ಅದು 'ಟಿಣ್' ಅಂದು ನೆನಪಿಸಿದ್ದು ಒಳಕೋಣೆಯ ಗೋಡೆಗೆ ಕೇಳಿಸಿರಬೇಕು.

"ಅಮ್ಮಾ, ನಿನ್ನ ಫೋನು, ಲ್ಯಾಪ್‌ಟಾಪು, ಟ್ಯಾಬು ಮೂರೂ ಮಾತು ಬಿಟ್ಟಿವೆ," ಅಂದಳು ಮಗಳು. ಭಾನುವಾರ ಅವುಗಳ ರಾಜಿಗೆ ಕೂತೆ.

ಲ್ಯಾಪ್‌ಟಾಪಿನ ಕ್ಯಾಲೆಂಡರನ್ನು ಎಕ್ಸ್‌ಪೋರ್ಟ್ ಮಾಡಿದೆ. ಐಸಿಎಸ್ ಎಂಬ ಫೈಲ್ ಬಂತು. ಕುತೂಹಲಕ್ಕೆ ನೋಟ್‌ಪ್ಯಾಡಿನಲ್ಲಿ ತೆರೆದೆ. ಗುಟ್ಟೇನೂ ಇಲ್ಲ, ಬರೀ ಅಕ್ಷರ: ಯಾವಾಗ ಶುರು, ಯಾವಾಗ ಮುಗಿತು, ಏನು, ಎಲ್ಲಿ. ಜೊತೆಗೆ ಪ್ರತಿ ಕಾರ್ಯಕ್ರಮಕ್ಕೂ ಯುಐಡಿ ಎಂಬ ಒಂದು ಉದ್ದನೆಯ ಗುರುತು. 1998ರಲ್ಲೇ ಗೊತ್ತುಮಾಡಿದ ಐಕ್ಯಾಲೆಂಡರ್ ಎಂಬ ಪದ್ಧತಿ ಇದು. ಯಾವ ಕಂಪನಿಯ ಕ್ಯಾಲೆಂಡರ್ ಆದರೂ ಓದಬಲ್ಲದು ಅಂತ ಧೈರ್ಯ ಬಂತು.

ಆ ಧೈರ್ಯದಲ್ಲೇ ಕೆಟ್ಟೆ. ಆ ಫೈಲನ್ನು ಇನ್ನೊಂದು ಕ್ಯಾಲೆಂಡರ್ ಆ್ಯಪ್‌ಗೆ ತುಂಬಲು ಇಂಪೋರ್ಟ್ ಒತ್ತಿದೆ, ಏನೂ ಕಾಣಲಿಲ್ಲ. ಮತ್ತೆ ಒತ್ತಿದೆ. ಹತ್ತು ನಿಮಿಷ ಬಿಟ್ಟು ನೋಡಿದರೆ ಎಲ್ಲವೂ ಎರಡೆರಡು! ಹಳೇ ಗುರುತನ್ನೇ ಉಳಿಸಿಕೊಂಡಿದ್ದರೆ 'ಇದು ಆಗಲೇ ಬಂದಿದೆ' ಅಂತ ಆ ಆ್ಯಪ್‌ಗೆ ಗೊತ್ತಾಗುತ್ತಿತ್ತು. ಅದು ಪ್ರತಿ ಸಲವೂ ಹೊಸ ಗುರುತು ಕೊಟ್ಟಿತ್ತು. ಒಂದೊಂದಾಗಿ ಅಳಿಸುತ್ತ ಕೂತಿದ್ದರೆ ಅರ್ಧದಲ್ಲೇ ಅಸಲಿಯನ್ನೂ ಅಳಿಸುತ್ತಿದ್ದೆ ಅನ್ನಿ. ಕ್ಯಾಲೆಂಡರನ್ನೇ ಪೂರ್ತಿ ತೆಗೆದು ಮೊದಲಿಂದ ಶುರುಮಾಡಿದೆ.

ಆಮೇಲೆ ಲಿಂಕ್ ಕೊಟ್ಟು ಸಬ್‌ಸ್ಕ್ರೈಬ್ ಆಗಿ ನೋಡಿದೆ. ಕಾರ್ಯಕ್ರಮಗಳು ಕಂಡವು, ಆದರೆ ಮುಟ್ಟಿ ತಿದ್ದಲಾಗದು. ಅದು ಕಿಟಕಿಯಲ್ಲಿ ನೋಡಿದ ಹಾಗೆ, ಒಂದೇ ದಿಕ್ಕು. ಅತ್ತ ಬದಲಾಯಿಸಿದ್ದು ಇತ್ತ ಬರಲು ಎಷ್ಟೋ ಗಂಟೆ. ನನಗೆ ಬೇಕಿದ್ದದ್ದು ಎರಡೂ ಕಡೆಯಿಂದ ಬರೆಯುವ ದಾರಿ. ಅದರ ಹೆಸರು ಕ್ಯಾಲ್‌ಡಾವ್, 2007ರ ಮಾನದಂಡ. ಮೂರಕ್ಕೂ ಸೇರಿ ಹೊಸ ಕ್ಯಾಲೆಂಡರ್ ಸರ್ವಿಸ್ ಆರಿಸುವಾಗ ಬಣ್ಣ ಬೆಡಗು ಬಿಟ್ಟು ಇದೊಂದನ್ನೇ ಕೇಳಿದೆ: ಕ್ಯಾಲ್‌ಡಾವ್ ಗೊತ್ತಾ? ಗೂಢಲಿಪಿಯಲ್ಲಿ ಎಲ್ಲವನ್ನೂ ಬೀಗ ಹಾಕಿಡುವ ಒಂದು ಸರ್ವಿಸ್ ಮನಸ್ಸಿಗೆ ಹಿಡಿಸಿತ್ತು, ಆದರೆ ಅದು ತನ್ನದೇ ಆ್ಯಪ್‌ನಲ್ಲಿ ಬಿಟ್ಟು ಬೇರೆಲ್ಲೂ ತೆರೆಯದು. ನನ್ನ ಹಲ್ಲಿನ ಅಪಾಯಿಂಟ್‌ಮೆಂಟಿಗೆ ಅಷ್ಟು ಗುಟ್ಟು ಯಾಕೆ ಅಂತ ಬಿಟ್ಟೆ.

ಮೂರರಲ್ಲೂ ಒಂದೇ ಖಾತೆ ಹಾಕಿದ್ದಾಯ್ತು. ಆದರೂ ಫೋನಿನಲ್ಲಿ ಬರೆದದ್ದು ಲ್ಯಾಪ್‌ಟಾಪಿಗೆ ಬರಲಿಲ್ಲ. ಮಗಳು ಸೆಟ್ಟಿಂಗ್ಸ್ ಕೆದಕಿ ಕಂಡುಹಿಡಿದಳು: ಹೊಸ ಕಾರ್ಯಕ್ರಮ ಬರೆದಾಗಲೆಲ್ಲ ಅದು ಹೋಗುತ್ತಿದ್ದದ್ದು 'ಈ ಫೋನಿನಲ್ಲಿ' ಎಂಬ ಖಾತೆಗೆ. ಅಲ್ಲಿ ಬರೆದದ್ದು ಫೋನಿನಲ್ಲೇ ಉಳಿಯುತ್ತದೆ, ಸರ್ವಿಸ್‌ನವರ ಕಂಪ್ಯೂಟರಿಗೆ ಹೋಗುವುದೇ ಇಲ್ಲ. ಎರಡಕ್ಕೂ ಒಂದೇ ನೀಲಿ ಬಣ್ಣ, ನನಗೆ ಗೊತ್ತಾಗುವುದಾದರೂ ಹೇಗೆ? ಹಲ್ಲಿನ ಡಾಕ್ಟರನ್ನು ಕಾಯಿಸಿದ್ದು ಈ ಮಹಾಶಯನೇ. ಹೊಸದೆಲ್ಲ ತಾನಾಗಿ ಹೋಗಿ ಕೂರುವ ಖಾತೆಯನ್ನು, ಅಂದರೆ ಡೀಫಾಲ್ಟ್ ಅನ್ನು, ಬದಲಿಸಿದೆವು.

ಕೊನೆಗೆ ಟ್ಯಾಬು. ಅದರಲ್ಲಿ ಅಕ್ಕನ ಹುಟ್ಟುಹಬ್ಬ ಒಂದು ದಿನ ಮೊದಲೇ ಬಂದಿತ್ತು. 'ಪೂರ್ತಿ ದಿನ' ಅಂತ ಟಿಕ್ ಮಾಡುವ ಬದಲು ನಾನು ಮಧ್ಯರಾತ್ರಿ ಹನ್ನೆರಡು ಅಂತ ಬರೆದಿದ್ದೆ. ಟ್ಯಾಬಿನ ಟೈಮ್‌ಝೋನ್ ಕೆಲವು ಗಂಟೆ ಹಿಂದಿತ್ತು, ಹಾಗಾಗಿ ಮಧ್ಯರಾತ್ರಿ ಹಿಂದಿನ ಸಂಜೆಗೆ ಜಾರಿತ್ತು. ಕಳೆದ ವರ್ಷ ಹಿಂದಿನ ದಿನವೇ ಶುಭಾಶಯ ಹೇಳಿ ಬೈಸಿಕೊಂಡದ್ದರ ಮರ್ಮ ಈಗ ತಿಳಿಯಿತು.

ಎಲ್ಲ ಸರಿಹೋಯ್ತೋ ನೋಡಲು ಫೋನಿನಲ್ಲಿ 'ಬಂತಾ?' ಅಂತ ಬರೆದು ಮಿಕ್ಕೆರಡನ್ನೂ ದಿಟ್ಟಿಸುತ್ತ ಕೂತೆ. ಅರ್ಧ ನಿಮಿಷಕ್ಕೆ ಲ್ಯಾಪ್‌ಟಾಪಿಗೆ ಬಂತು, ಟ್ಯಾಬಿಗೆ ಇನ್ನೂ ತಡವಾಗಿ. ಅವಸರದಲ್ಲಿ 'ಪ್ರತಿ ವಾರ' ಒತ್ತಿದ್ದೆ ಅಂತ ಕಾಣುತ್ತೆ. ಈಗಲೂ ಭಾನುವಾರ ಸಂಜೆ ಮೂರೂ ಕಡೆಯಿಂದ 'ಬಂತಾ?' ಅಂತ ಕೇಳುತ್ತವೆ. ಒಳಕೋಣೆಯಿಂದ ಮಗಳು "ಬಂತು ಬಂತು" ಅನ್ನುತ್ತಾಳೆ.