ಏಣಿ ಎಳೆದುಕೊಂಡ ಮನೆಗಳು

ನಾರ್ವೆಯ ಪಶ್ಚಿಮ ಕರಾವಳಿಯ ಓಲೆಸುಂಡ್ ಪಟ್ಟಣಕ್ಕೆ ಹಡಗು ವಿನ್ಯಾಸದ ಕೆಲಸ ಹಿಡಿದು ಬಂದು ಆರು ವರ್ಷಗಳಾದವು. ಊರಿನಿಂದ ಯಾರು ಬಂದರೂ ಅವರನ್ನು, ಕಡಿದಾದ ಬೆಟ್ಟಗಳ ನಡುವೆ ಕಡಲು ಓಣಿಯಂತೆ ಒಳಚಾಚಿರುವ ಗೈರಾಂಗರ್ ಫಿಯೋರ್ಡಿಗೆ ಕರೆದೊಯ್ಯುವುದು ನನ್ನ ಪಾಲಿಗೆ, ಸಾಗರದವರು ನೆಂಟರನ್ನು ಜೋಗಕ್ಕೆ ಕರೆದೊಯ್ಯುವಷ್ಟೇ ತಪ್ಪಿಸಲಾಗದ ಕಟ್ಟಳೆಯಾಗಿದೆ. ಹೀಗೆ ನಾಲ್ಕೈದು ಸಲ ಹೋಗಿದ್ದರೂ ಪ್ರತಿ ಸಲವೂ ದೊಡ್ಡ ದೋಣಿಯ ಮೇಲಟ್ಟದಲ್ಲಿ ನಿಂತು, ಧ್ವನಿವರ್ಧಕ ಹೇಳಿದ ಕಡೆ ಕತ್ತು ತಿರುಗಿಸಿ, ಎಲ್ಲರೂ ತೆಗೆಯುವ ಫೋಟೋಗಳನ್ನೇ ತೆಗೆದು ಇಳಿದು ಬಂದವನು ನಾನು. ಅಪ್ಪ ಅಮ್ಮ ಬಂದ ಜುಲೈಯಲ್ಲಿ ದೊಡ್ಡ ದೋಣಿಯ ಟಿಕೆಟು ಸಿಗಲಿಲ್ಲ. ಹನ್ನೆರಡು ಜನ ಮಾತ್ರ ಕೂರಬಹುದಾದ, ಅಂಚಿಗೆಲ್ಲ ಗಾಳಿ ತುಂಬಿದ ರಬ್ಬರಿನ ಕೊಳವೆಯಿರುವ ಸಣ್ಣ ದೋಣಿಯೊಂದರಲ್ಲಿ ಮೂರು ಜಾಗ ಉಳಿದಿದ್ದವು. ಎಪ್ಪತ್ತು ದಾಟಿದವರನ್ನು ಅದರಲ್ಲಿ ಕೂರಿಸುವುದೇ ಎಂಬ ಅಳುಕಿನಿಂದಲೇ ಹಣ ಕಟ್ಟಿದೆ.

ಓಲೆಸುಂಡಿನಿಂದ ಗೈರಾಂಗರಿಗೆ ಹೋಗುವ ದಾರಿಯಲ್ಲಿ ಲಿಂಗೆ ಎಂಬಲ್ಲಿ ಕಾರನ್ನು ಫೆರಿಗೆ ಹತ್ತಿಸಿ ಆಚೆ ದಡದ ಐಡ್ಸ್‌ಡಾಲಿನಲ್ಲಿ ಇಳಿಸಿಕೊಳ್ಳಬೇಕು. ಹೆಸರು ಕೇಳಿದ ಅಮ್ಮ, "ಲಿಂಗನಮಕ್ಕಿಯ ಅರ್ಧ ಇಲ್ಲೇ ಇದೆಯಲ್ಲ" ಎಂದರು. ಸಿಗಂದೂರಿಗೆ ಸೇತುವೆಯಾಗುವ ಮೊದಲು ಹೊಳೆಬಾಗಿಲಿನ ಲಾಂಚಿನಲ್ಲಿ ನೂರಾರು ಸಲ ದಾಟಿದ ಅವರಿಬ್ಬರಿಗೂ ಕಾರು, ಬಸ್ಸು, ಮನುಷ್ಯರು ಒಟ್ಟಿಗೆ ನೀರು ದಾಟುವುದು ಹೊಸದೇನಲ್ಲ. ಹೊಸದಾಗಿದ್ದುದು ಸ್ವೇಲೆ. ಈ ಸೀಮೆಯ ಫೆರಿಗಳಲ್ಲಿ ತಪ್ಪದೆ ಸಿಗುವ, ಸೆಟ್ ದೋಸೆಯಷ್ಟು ದಪ್ಪನೆಯ, ಮೆತ್ತಗಿನ ಸಿಹಿ ರೊಟ್ಟಿ ಅದು. ಬೆಣ್ಣೆ ಸಕ್ಕರೆ ಸವರಿಯೋ, ಬೆಲ್ಲದ ಬಣ್ಣದ ಕಂದು ಚೀಸಿನ ತೆಳುಪದರ ಇಟ್ಟೋ ಅರ್ಧಕ್ಕೆ ಮಡಚಿ ಕೊಡುತ್ತಾರೆ. ಫೆರಿಯ ಪಯಣ ಹತ್ತು ನಿಮಿಷದ್ದಾದ್ದರಿಂದ ಸ್ವೇಲೆಯನ್ನು ಅವಸರದಿಂದಲೇ ತಿನ್ನಬೇಕು. ಅಪ್ಪ ಎರಡು ತಿಂದರು.

ಐಡ್ಸ್‌ಡಾಲಿನಿಂದ ಬೆಟ್ಟ ಹತ್ತಿ ಇಳಿಯುವ ರಸ್ತೆಗೆ ಹದ್ದಿನ ದಾರಿ ಎಂದು ಹೆಸರು. 1955ರಲ್ಲಿ ತೆರೆದ ಈ ದಾರಿ ಹನ್ನೊಂದು ತಿರುವುಗಳಲ್ಲಿ ಫಿಯೋರ್ಡಿನ ಮಟ್ಟಕ್ಕೆ ಇಳಿಯುತ್ತದೆ. ಆಗುಂಬೆ ಘಾಟಿಯ ಪಳಗಿದ ಪ್ರಯಾಣಿಕರಾದ ನನ್ನ ಹೆತ್ತವರು ತಿರುವುಗಳ ಬಗ್ಗೆ ಏನೂ ಅನ್ನಲಿಲ್ಲ. ಕೆಳಗಿನ ಗೈರಾಂಗರ್ ಇನ್ನೂರೈವತ್ತರಷ್ಟು ಜನ ವರ್ಷವಿಡೀ ಇರುವ ಹಳ್ಳಿ. 1842ರಲ್ಲಿ ಕಟ್ಟಿದ ಎಂಟು ಮೂಲೆಯ ಮರದ ಚರ್ಚು, ಕೆಲವು ಹೋಟೆಲುಗಳು, ಹಳ್ಳಿಯ ನಡುವೆಯೇ ಧುಮುಕುವ ಹೊಳೆ. ಆ ದಿನ ಅದರ ಮುಂದೆ ಹಳ್ಳಿಗಿಂತ ಎತ್ತರವಾದ ಕ್ರೂಸ್ ಹಡಗೊಂದು ಲಂಗರು ಹಾಕಿತ್ತು. ಹಡಗು ಕಟ್ಟುವ ಕಸುಬಿನವನಾಗಿ ನಾನು ಹೀಗೆ ಹೇಳಬಾರದೇನೋ, ಆದರೆ ಇಷ್ಟು ಇಕ್ಕಟ್ಟಾದ ನೀರಿನಲ್ಲಿ ಅದು ಅಡಿಗೆಮನೆಯಲ್ಲಿ ನಿಂತ ಆನೆಯಂತೆ ಕಾಣುತ್ತಿತ್ತು. 2005ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಈ ಫಿಯೋರ್ಡಿನಲ್ಲಿ ಚಲಿಸುವ ಪ್ರಯಾಣಿಕ ಹಡಗುಗಳು ಹೊಗೆ ಉಗುಳಬಾರದೆಂದು ನಾರ್ವೆ ನಿಯಮ ಮಾಡಿದೆ. 10,000 ಟನ್ನೇಜಿಗಿಂತ ಚಿಕ್ಕವಕ್ಕೆ ಅದು 2026ರ ಜನವರಿಯಿಂದ ಅನ್ವಯವಾದರೆ, ನಿಜವಾಗಿ ಹೊಗೆ ಉಗುಳುವ ದೊಡ್ಡವಕ್ಕೆ 2032ರವರೆಗೆ ಬಿಡುವು ಸಿಕ್ಕಿದೆ.

ಸಣ್ಣ ದೋಣಿ ಹತ್ತುವ ಮೊದಲು ಎಲ್ಲರೂ ಕುತ್ತಿಗೆಯಿಂದ ಪಾದದವರೆಗೆ ಮುಚ್ಚುವ, ನೀರಿಗೆ ಬಿದ್ದರೆ ತೇಲಿಸುವ ದಪ್ಪನೆಯ ಉಡುಪು ತೊಡಬೇಕೆಂಬ ಕಟ್ಟುನಿಟ್ಟಿದೆ. ಸೀರೆಯ ಮೇಲೆ ಅದನ್ನು ಏರಿಸುವ ಬಗೆ ತಿಳಿಯದೆ ಅಮ್ಮ ಮೊದಲು ದಡದಲ್ಲೇ ಕೂರುತ್ತೇನೆಂದು ಹಟ ಹಿಡಿದರು. ಕೊನೆಗೆ ದೋಣಿ ನಡೆಸುವ ಹುಡುಗಿಯೇ ಮಂಡಿಯೂರಿ, ನೆರಿಗೆಗಳನ್ನು ಒಟ್ಟುಮಾಡಿ ಒಂದೊಂದು ಕಾಲಿನೊಳಗೆ ಅರ್ಧರ್ಧ ತುಂಬಿಸಿ, ಜಿಪ್ ಎಳೆದಳು. ಇಪ್ಪತ್ತೈದರ ಆಸುಪಾಸಿನ ಅವಳು ಇದೇ ಕಣಿವೆಯಲ್ಲಿ ಬೆಳೆದವಳಂತೆ. ಮುಂದಿನ ಸಾಲುಗಳಲ್ಲಿ ಅಲೆಯ ಕುಲುಕಾಟ ಹೆಚ್ಚು, ಹಿಂದೆ ಕೂತರೆ ಬೆನ್ನಿಗೆ ಕ್ಷೇಮ ಎಂದು ಹೇಳಿ ನಮ್ಮನ್ನು ತನ್ನ ಪಕ್ಕದಲ್ಲೇ ಕೂರಿಸಿಕೊಂಡಳು. ಈ ಒಂದು ಕಾರಣದಿಂದಲೇ ಮುಂದಿನ ಒಂದು ಗಂಟೆ ನಾನು ದುಭಾಷಿಯಾಗಬೇಕಾಯಿತು.

ಹಡಗಿನ ಮೇಲಟ್ಟದಿಂದ ನೋಡಿದ ಫಿಯೋರ್ಡಿಗೂ ನೀರಿನಿಂದ ಎರಡಡಿ ಮೇಲೆ ಕೂತು ನೋಡುವ ಫಿಯೋರ್ಡಿಗೂ ಸಂಬಂಧವೇ ಇಲ್ಲವೆಂದು ನನಗೆ ಅರಿವಾದುದು ಆಗಲೇ. ಹುಡುಗಿ ದೋಣಿಯನ್ನು ಬಂಡೆಯ ಗೋಡೆಗೆ ಕೈ ತಾಗುವಷ್ಟು ಹತ್ತಿರ ಒಯ್ದು ನಿಲ್ಲಿಸಿದಳು. ದಡವೆಂಬುದೇ ಇಲ್ಲದ ಜಾಗ ಅದು. ಮೇಲೆ ಗೋಡೆ ಹೇಗೆ ನೆಟ್ಟಗೆ ನಿಂತಿದೆಯೋ ನೀರಿನೊಳಗೂ ಹಾಗೆಯೇ ಇಳಿಯುತ್ತದೆ. ಹಿಮಯುಗಗಳಲ್ಲಿ ಈ ಕಣಿವೆಯ ತುಂಬ ಹಿಮನದಿ ಹರಿದು, ತನ್ನ ತೂಕದಿಂದಲೇ ತಳವನ್ನು ಸಮುದ್ರಮಟ್ಟಕ್ಕಿಂತ ಎಷ್ಟೋ ಕೆಳಗೆ ಕೊರೆದು, ಕರಗಿ ಹಿಂದೆ ಸರಿದ ಮೇಲೆ ಕಡಲು ಒಳಗೆ ಬಂದು ತುಂಬಿಕೊಂಡಿತು. ಹದಿನೈದು ಕಿಲೋಮೀಟರ್ ಉದ್ದದ ಈ ನೀರಿನ ಓಣಿ ಸುಮಾರು 260 ಮೀಟರ್ ಆಳವಿದೆ. ಅಮ್ಮ ಕೈಗವಸು ಕಳಚಿ ಬೆರಳದ್ದಿ ನಾಲಿಗೆಗೆ ತಾಗಿಸಿಕೊಂಡು, "ಸಮುದ್ರ ಅಂದೆ, ಉಪ್ಪೇ ಇಲ್ಲವಲ್ಲ" ಎಂದು ನನ್ನನ್ನೇ ಸುಳ್ಳನನ್ನಾಗಿಸಿದರು. ಬೇಸಿಗೆಯಲ್ಲಿ ಕರಗಿದ ಹಿಮದ ಸಿಹಿನೀರು ಹಗುರವಾದ್ದರಿಂದ ಉಪ್ಪುನೀರಿನ ಮೇಲೆ ಪದರವಾಗಿ ನಿಲ್ಲುತ್ತದೆಂದೂ, ಅದು ಹೊತ್ತು ತರುವ ನುಣುಪಾದ ಕಲ್ಲಿನ ಹುಡಿಯಿಂದಲೇ ನೀರಿಗೆ ಈ ಹಸಿರು ಬರುತ್ತದೆಂದೂ ಹುಡುಗಿ ಹೇಳಿದ್ದನ್ನು ಅನುವಾದಿಸಿ ನಾನು ಮಾನ ಉಳಿಸಿಕೊಂಡೆ.

ಏಳು ಸೋದರಿಯರು ಎಂಬ ಜಲಪಾತದ ಬಳಿ ಎಲ್ಲರ ಫೋನುಗಳೂ ಮೇಲೆದ್ದವು. ಒಂದೇ ಗೋಡೆಯ ಮೇಲಿಂದ ಅಕ್ಕಪಕ್ಕದಲ್ಲಿ ಇಳಿಯುವ ಏಳು ಧಾರೆಗಳಿಗೆ ಆ ಹೆಸರು. ಎದುರು ದಡದಲ್ಲಿ ಒಂಟಿಯಾಗಿ ಬೀಳುವ ಜಲಪಾತ ಇವರನ್ನು ಮದುವೆಯಾಗಲು ಬಂದು, ಏಳೂ ಜನರಿಂದ ತಿರಸ್ಕೃತನಾಗಿ ಕುಡಿತಕ್ಕೆ ಬಿದ್ದವನು; ಅವನ ಧಾರೆ ಬಂಡೆಯ ಮೇಲೆ ಸೀಸೆಯ ಆಕಾರದಲ್ಲಿ ಹರಡುವುದೇ ಅದಕ್ಕೆ ಸಾಕ್ಷಿಯಂತೆ. ರಾಜಾ, ರಾಣಿ, ರೋರರ್, ರಾಕೆಟ್ ಎಂದು ಹೆಸರಿಟ್ಟುಕೊಂಡ ಊರಿನವರಾದ ನಮಗೆ ಈ ಸಂಸಾರದ ಕಥೆ ವಿಚಿತ್ರವೆನ್ನಿಸಲಿಲ್ಲ. ಆ ದಿನ ಸೋದರಿಯರಲ್ಲಿ ನಾಲ್ವರಷ್ಟೇ ಕಾಣುತ್ತಿದ್ದರು. ಮೇಲಿನ ಬೆಟ್ಟದ ಹಿಮ ಕರಗುತ್ತ ಬಂದಂತೆ ಒಬ್ಬೊಬ್ಬರಾಗಿ ಮರೆಯಾಗುತ್ತಾರೆ. ಎತ್ತರ ಎಷ್ಟೆಂದು ಅಪ್ಪ ಕೇಳಿದರು. ಅತಿ ಉದ್ದದ ನೇರ ಬೀಳು 250 ಮೀಟರ್ ಎಂದಾಗ ಅವರು ಮನಸ್ಸಿನಲ್ಲೇ ಲೆಕ್ಕ ಹಾಕಿ, "ಎಂಟುನೂರ ಇಪ್ಪತ್ತಡಿ. ಜೋಗ ಎಂಟುನೂರ ಮೂವತ್ತು" ಎಂದು ಹೇಳಿ ಸುಮ್ಮನಾದರು. ಇದನ್ನು ನಾನು ಅನುವಾದಿಸಲಿಲ್ಲ.

ಅಲ್ಲಿಯವರೆಗೆ ಅಪ್ಪ ಎಲ್ಲರಂತೆ ನೋಡುತ್ತಿದ್ದರು. ಜಲಪಾತದ ಮಗ್ಗುಲಲ್ಲಿ, ಸುಮಾರು 250 ಮೀಟರ್ ಮೇಲೆ, ಗೋಡೆಗೆ ಅಂಟಿಸಿದಂತಿರುವ ಹಸಿರು ತುಂಡೊಂದರ ಮೇಲೆ ಎರಡು ಮರದ ಮನೆಗಳು ಕಂಡದ್ದೇ ಅವರ ಕೂರುವ ಭಂಗಿಯೇ ಬದಲಾಯಿತು. ಅದು ಕ್ನಿವ್ಸ್‌ಫ್ಲೋ ಎಂಬ ಹೊಲಮನೆ. ಎದುರು ದಡದ ಅಷ್ಟೇ ಎತ್ತರದಲ್ಲಿ ಸ್ಕಾಗೆಫ್ಲೋ. ಇನ್ನಷ್ಟು ಮುಂದೆ, ಇನ್ನೂ ಮೇಲೆ, ಬ್ಲೊಮ್‌ಬರ್ಗ್. ಹಿಂದೆ ನಾಲ್ಕೈದು ಸಲ ಬಂದಾಗಲೂ ಇವುಗಳ ಹೆಸರು ನನ್ನ ಕಿವಿಗೆ ಬಿದ್ದಿತ್ತು, ಆದರೆ ಹಡಗಿನ ಎತ್ತರದಿಂದ ಅವು ಚಿತ್ರಕ್ಕೊಂದು ಚೆಂದದ ಬೊಟ್ಟಿನಂತೆ ಮಾತ್ರ ಕಂಡಿದ್ದವು. ಅಪ್ಪ ಕೇಳಿದ ಪ್ರಶ್ನೆಗಳು ಬೇರೆ. ಹಟ್ಟಿ ಎಲ್ಲಿತ್ತು, ಹುಲ್ಲು ಎಲ್ಲಿಂದ ತರುತ್ತಿದ್ದರು, ಚಳಿಗಾಲಕ್ಕೆ ದನಕರುಗಳಿಗೇನು, ಬಸುರಿಯನ್ನು ಹೇಗೆ ಇಳಿಸುತ್ತಿದ್ದರು, ಹೆಣವನ್ನು ಹೇಗೆ ಇಳಿಸುತ್ತಿದ್ದರು.

ಹುಡುಗಿಗೆ ಪ್ರವಾಸಿಗರಿಗೆ ಹೇಳುವ ಕಥೆಗಳ ಅಭ್ಯಾಸವಿತ್ತು. ಮೊದಲು ಅವನ್ನೇ ಹೇಳಿದಳು. ಸ್ಕಾಗೆಫ್ಲೋಗೆ ಹತ್ತುವ ದಾರಿಯಲ್ಲಿ ಒಂದು ಕಡೆ ಏಣಿ ಇಟ್ಟೇ ಏರಬೇಕಿತ್ತಂತೆ, ಕಂದಾಯದವನ ದೋಣಿ ಕಂಡರೆ ಮನೆಯವರು ಏಣಿಯನ್ನು ಮೇಲಕ್ಕೆಳೆದುಕೊಳ್ಳುತ್ತಿದ್ದರಂತೆ. ಅಂಗಳದಾಚೆ ಪ್ರಪಾತವಿದ್ದುದರಿಂದ ಇಂತಹ ಮನೆಗಳಲ್ಲಿ ಸಣ್ಣ ಮಕ್ಕಳ ಸೊಂಟಕ್ಕೆ ಹಗ್ಗ ಕಟ್ಟಿ ಬಿಡುತ್ತಿದ್ದರಂತೆ. ನಾರ್ವೆಯ ದೊರೆ ಹರಾಲ್ಡ್ ಮತ್ತು ರಾಣಿ ಸೋನ್ಯಾ 1993ರಲ್ಲಿ ತಮ್ಮ ಮದುವೆಯ ಇಪ್ಪತ್ತೈದನೆಯ ವರ್ಷವನ್ನು ಆಚರಿಸಿದ್ದು ಅದೇ ಸ್ಕಾಗೆಫ್ಲೋದಲ್ಲಿ. ಕಂದಾಯದ ಕಥೆಗೆ ಅಪ್ಪ ಮನಸಾರೆ ನಕ್ಕರು, ಉಳಿದ ಎರಡಕ್ಕೂ ತಲೆಯಾಡಿಸಿದರು, ಆಮೇಲೆ ಹುಲ್ಲಿನ ಪ್ರಶ್ನೆಗೇ ಮರಳಿದರು.

ದೋಣಿ ಸ್ಕಾಗೆಫ್ಲೋದ ಬುಡಕ್ಕೆ, ಮೇಲೆ ನಡೆದು ಹೋಗುವವರು ಇಳಿಯುವ ಬಂಡೆಯ ಬಳಿಗೆ ಬಂದಾಗ ಅಪ್ಪ ಬೆರಳು ತೋರಿಸಿದರು. ಕಾಲುದಾರಿಯ ಪಕ್ಕದಲ್ಲಿ ಒಂದು ಹಳೆಯ ಮರ. ಬೊಡ್ಡೆ ಗಿಡ್ಡ, ಆಳೆತ್ತರದಲ್ಲಿ ಅದು ಗಂಟುಗಂಟಾಗಿ ಊದಿಕೊಂಡಿದೆ, ಆ ಗಂಟುಗಳಿಂದ ಸಣ್ಣ ಕೊಂಬೆಗಳು ಪೊರಕೆಯ ಕಡ್ಡಿಗಳಂತೆ ಒಟ್ಟಾಗಿ ಎದ್ದಿವೆ. "ಇದು ಸೊಪ್ಪು ಕಡಿದ ಮರ. ಒಂದೆರಡು ಸಲ ಕಡಿದರೆ ಹೀಗಾಗುವುದಿಲ್ಲ, ತಲೆಮಾರುಗಟ್ಟಲೆ ಕಡಿದಿದ್ದಾರೆ. ಕೇಳು ಅವಳನ್ನು." ನಮ್ಮ ಕಡೆ ಅಡಿಕೆ ತೋಟಕ್ಕೆ ಹೊಂದಿಕೊಂಡ ಸೊಪ್ಪಿನ ಬೆಟ್ಟದಲ್ಲಿ ಗೊಬ್ಬರಕ್ಕಾಗಿ, ಕೊಟ್ಟಿಗೆಗೆ ಹಾಸಲಿಕ್ಕಾಗಿ ವರ್ಷವರ್ಷವೂ ಸೊಪ್ಪು ಕಡಿದ ಮರಗಳು ಹೀಗೇ ಇರುತ್ತವೆ, ನಾನೂ ಅವನ್ನು ನೋಡಿಯೇ ಬೆಳೆದವನು, ಆದರೆ ಇಲ್ಲಿ ಕಣ್ಣಿಗೆ ಬಿದ್ದಿರಲಿಲ್ಲ. ಹುಡುಗಿ ಎಂಜಿನ್ ಆರಿಸಿದಳು. ಹೌದೆಂದಳು. ಬೇಸಿಗೆಯಲ್ಲಿ ಮರಗಳ ಎಲೆಕೊಂಬೆಗಳನ್ನು ಕಡಿದು, ಕಟ್ಟುಗಳಾಗಿ ಒಣಗಿಸಿ, ಹಿಮ ಬಿದ್ದ ತಿಂಗಳುಗಳಲ್ಲಿ ಮೇಕೆ ಕುರಿಗಳಿಗೆ ಹಾಕುವುದು ಇಲ್ಲಿನ ಹಳೆಯ ಪದ್ಧತಿ, ಆ ಕೆಲಸಕ್ಕೆ ಲೌವಿಂಗ್ ಎಂಬ ಪ್ರತ್ಯೇಕ ಹೆಸರೇ ಇದೆ. ಹುಲ್ಲನ್ನೂ ಹಾಗೆಯೇ, ಮನುಷ್ಯ ನಿಲ್ಲಲಾರದ ಇಳಿಜಾರುಗಳಲ್ಲಿ ಕೊಯ್ದು, ಹೊರೆ ಕಟ್ಟಿ, ಎತ್ತರದಿಂದ ತಂತಿಯ ಮೇಲೆ ಜಾರಿಸಿ ಇಳಿಸುತ್ತಿದ್ದರು. ಇದನ್ನು ಹೇಳುವಾಗ ಅವಳ ಮಾತಿನಲ್ಲಿ ಏಣಿಯ ಕಥೆಯನ್ನು ಒಪ್ಪಿಸಿದಾಗಿನ ಸರಾಗವಿರಲಿಲ್ಲ. ತನ್ನ ಅಜ್ಜ ಬಳಸುತ್ತಿದ್ದ ಕತ್ತಿ ಎಷ್ಟುದ್ದವೆಂದು ಕೈಯಲ್ಲಿ ಅಳೆದು ತೋರಿಸಿದಳು. ಅಪ್ಪ ನಮ್ಮ ಕತ್ತಿಯ ಬಾಗು ಹೇಗಿರುತ್ತದೆಂದು ಗಾಳಿಯಲ್ಲಿ ಬರೆದು ತೋರಿಸಿದರು. ಮುಂದಿನ ಸಾಲಿನ ಪ್ರವಾಸಿಗಳು ಏಕೆ ನಿಂತೆವೆಂದು ತಿಳಿಯದೆ ಹಿಂದಿರುಗಿ ನೋಡುತ್ತಿದ್ದರು.

ಇವರೆಲ್ಲ ಯಾಕೆ ಬಿಟ್ಟು ಹೋದರು ಎಂದು ಅಮ್ಮ ಕೇಳಿದರು. ಕ್ನಿವ್ಸ್‌ಫ್ಲೋದವರು ಹತ್ತೊಂಬತ್ತನೆಯ ಶತಮಾನದ ಕೊನೆಗೆ ಹೊರಟದ್ದು ತಲೆಯ ಮೇಲೆ ಚಾಚಿಕೊಂಡಿದ್ದ ಬಂಡೆ ಯಾವಾಗ ಬೀಳುವುದೋ ಎಂಬ ಹೆದರಿಕೆಯಿಂದ. ಉಳಿದವರು ಇಪ್ಪತ್ತನೆಯ ಶತಮಾನದಲ್ಲಿ, ಕೆಲಸ, ಶಾಲೆ, ರಸ್ತೆ ಇರುವ ಕಡೆಗೆ ಒಬ್ಬೊಬ್ಬರಾಗಿ ಇಳಿದರು. ಬಂಡೆಯ ಹೆದರಿಕೆ ಸುಳ್ಳಲ್ಲ. ಇಲ್ಲಿಂದ ಬೆಟ್ಟದಾಚೆಗಿನ ತಾಫಿಯೋರ್ಡಿನಲ್ಲಿ 1934ರ ಏಪ್ರಿಲ್ 7ರ ರಾತ್ರಿ ಗುಡ್ಡದ ಒಂದು ಭಾಗ ನೀರಿಗೆ ಕುಸಿದು, ಎದ್ದ ಅಲೆ 60 ಮೀಟರಿಗೂ ಮೇಲೆ ಏರಿ ದಡದ ಹಳ್ಳಿಗಳಿಗೆ ನುಗ್ಗಿದಾಗ 40 ಜನ ಸತ್ತರು. ಗೈರಾಂಗರ್ ಹೋಗಿ ಸೇರುವ ಸುನ್ನಿಲ್ವ್ಸ್‌ಫಿಯೋರ್ಡಿನ ಮೇಲೆ ಓಕರ್‌ನೆಸೆಟ್ ಎಂಬ ಬೆಟ್ಟದಲ್ಲಿ ಈಗಲೂ ಒಂದು ಬಿರುಕು ವರ್ಷಕ್ಕೆ ಕೆಲವು ಸೆಂಟಿಮೀಟರಿನಂತೆ ಅಗಲವಾಗುತ್ತಿದೆ. ಹಗಲುರಾತ್ರಿ ಉಪಕರಣಗಳು ಅದನ್ನು ಕಾಯುತ್ತವೆ; ಅದು ಜಾರುವ ಸೂಚನೆ ಸಿಕ್ಕರೆ ಸೈರನ್ ಕೂಗಿ ಹಳ್ಳಿಗಳನ್ನು ಖಾಲಿ ಮಾಡಿಸುವ ಏರ್ಪಾಡಿದೆ. ಶಾಲೆಯಲ್ಲಿದ್ದಾಗ ಎತ್ತ ಓಡಬೇಕೆಂದು ಕಲಿಸಿದ್ದರೆಂದು ಹುಡುಗಿ ಹೇಳಿದಳು, ನಮ್ಮಲ್ಲಿ ಮಕ್ಕಳಿಗೆ ರಸ್ತೆ ದಾಟುವುದನ್ನು ಕಲಿಸಿದ್ದರೆಂದು ಹೇಳುವಷ್ಟೇ ಸಹಜವಾಗಿ.

ಹಿಂದಿರುಗುವಾಗ ಮೋಡ ಇಳಿದು ಸಣ್ಣ ಮಳೆ ಹಿಡಿಯಿತು, ಸ್ಕಾಗೆಫ್ಲೋದ ಮನೆಗಳು ಮುಚ್ಚಿಹೋದವು. ಆ ಮನೆಗಳ ಹುಲ್ಲಿನ ಸೂರು, ಕಲ್ಲಿನ ಬುನಾದಿಗಳು ಇನ್ನೂ ನಿಂತಿರುವುದು ಇಲ್ಲಿನ ಜನ ಸಂಘ ಕಟ್ಟಿಕೊಂಡು, ಮರಮುಟ್ಟು ಹೊತ್ತು ಹತ್ತಿಸಿ ದುರಸ್ತಿ ಮಾಡುತ್ತ ಬಂದಿರುವುದರಿಂದ ಎಂದು ತಿಳಿದು ಅಪ್ಪ ಬಹಳ ಹೊತ್ತು ಮಾತಾಡಲಿಲ್ಲ. ದೋಣಿಕಟ್ಟೆ ಹತ್ತಿರವಾದಾಗ ಹುಡುಗಿಯೇ ಕೇಳಿದಳು, ನಿಮ್ಮ ತಂದೆ ಇಂತಹ ಊರಿನವರೇ ಎಂದು. ಶರಾವತಿಯ ದಡದಲ್ಲಿ ಅವರ ಊರಿತ್ತು, 1964ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದು ನೀರು ನಿಂತಾಗ ಮನೆ, ತೋಟ, ಸೊಪ್ಪಿನ ಬೆಟ್ಟ ಎಲ್ಲವೂ ಅಡಿಗೆ ಹೋಯಿತು, ಆಗ ಅವರಿಗೆ ಹನ್ನೊಂದು ವರ್ಷ ಎಂದೆ. ಈಗಲೂ ನೋಡಬಹುದೇ ಎಂದಳು. ಅಪ್ಪನಿಗೆ ಈ ಪ್ರಶ್ನೆ ಅನುವಾದವಿಲ್ಲದೆಯೇ ಅರ್ಥವಾಯಿತೋ ಏನೋ, ನಾನು ಬಾಯಿ ತೆರೆಯುವ ಮೊದಲೇ ಹೇಳಿದರು: "ಮಳೆ ಕಡಿಮೆಯಾದ ವರ್ಷ ನೀರು ಇಳಿಯುತ್ತದೆ. ಮಡೆನೂರಿನ ಹಳೇ ಅಣೆಕಟ್ಟು ಪೂರ್ತಿ ಮೇಲೆ ಬರುತ್ತದೆ, ನಮ್ಮ ಮನೆಯ ಮೆಟ್ಟಿಲೂ ಕಾಣುತ್ತದೆ. ಬರುವುದಾದರೆ ಮೇ ಕೊನೆಯೊಳಗೆ ಬರಲಿಕ್ಕೆ ಹೇಳು. ಜೂನ್ ಆದರೆ ಏನೂ ಸಿಗುವುದಿಲ್ಲ."