ಬಾಳೆಹಣ್ಣು ಕಪ್ಪಾಗಿದೆ, ಏನು ಮಾಡ್ಲಿ?

ನನಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದು. ಸಾಮಾನ್ಯವಾಗಿ ಜೊತೆಗೊಂದು ಫೋಟೋ ಇರುತ್ತದೆ. ನಾಲ್ಕೈದು ಬಾಳೆಹಣ್ಣು, ಸಿಪ್ಪೆ ಮುಕ್ಕಾಲು ಪಾಲು ಕಪ್ಪು, ತೊಟ್ಟು ಒಣಗಿದೆ. ಕೆಳಗೆ ಒಂದು ಸಾಲು: "ಇದನ್ನ ಬಿಸಾಡಬೇಕಾ, ಏನಾದ್ರೂ ಮಾಡಬಹುದಾ? ಹೆಲ್ದಿಯಾಗಿರಬೇಕು ಮತ್ತೆ."

ಬಿಸಾಡಬೇಡಿ ಅನ್ನುವುದಕ್ಕೆ ಅರ್ಧ ನಿಮಿಷ ಸಾಕು. ಆ "ಹೆಲ್ದಿಯಾಗಿರಬೇಕು ಮತ್ತೆ" ಅನ್ನುವುದಕ್ಕೇ ಸ್ವಲ್ಪ ಉದ್ದ ಬರೆಯಬೇಕು.

ಮೊದಲು, ಹಣ್ಣು ತಿನ್ನೋ ಹಾಗಿದೆಯಾ ನೋಡಿ. ಸಿಪ್ಪೆ ಕಪ್ಪಾದ ಮಾತ್ರಕ್ಕೆ ಹಣ್ಣು ಕೆಟ್ಟಿದೆ ಅಂತಲ್ಲ. ಫ್ರಿಜ್‌ನಲ್ಲಿಟ್ಟ ಬಾಳೆಹಣ್ಣಿನ ಸಿಪ್ಪೆ ಚಳಿಗೇ ಕಪ್ಪಾಗುತ್ತದೆ, ಒಳಗಿನ ಹಣ್ಣು ಬೆಳ್ಳಗೇ ಇರುತ್ತದೆ. ಸುಲಿದು ನೋಡಿ. ತಿರುಳು ಮೆತ್ತಗಾಗಿ ಅಲ್ಲಲ್ಲಿ ಕಂದು ಬಣ್ಣಕ್ಕೆ ತಿರುಗಿದ್ದರೆ, ಸಿಹಿ ವಾಸನೆ ಬರುತ್ತಿದ್ದರೆ, ಅಡುಗೆಗೆ ಅದಕ್ಕಿಂತ ಒಳ್ಳೆಯ ಹಣ್ಣಿಲ್ಲ. ಬೂಷ್ಟು ಹಿಡಿದಿದ್ದರೆ, ಹೆಂಡದಂಥ ಹುಳಿ ವಾಸನೆ ಹೊಡೆಯುತ್ತಿದ್ದರೆ, ನೀರು ಸೋರಿ ಲೋಳೆ ಲೋಳೆಯಾಗಿದ್ದರೆ ಮಾತ್ರ ಕಸಕ್ಕೆ. ಬೂಷ್ಟು ಬಂದ ಭಾಗ ಕತ್ತರಿಸಿ ಉಳಿದದ್ದನ್ನು ಬಳಸಬಹುದಾ ಅಂತಾನೂ ಕೇಳ್ತಾರೆ. ಬೇಡ. ಇಷ್ಟು ಮೆತ್ತಗಿನ ಹಣ್ಣಿನಲ್ಲಿ ಬೂಷ್ಟು ಕಣ್ಣಿಗೆ ಕಂಡಷ್ಟಕ್ಕೇ ನಿಂತಿರುವುದಿಲ್ಲ.

ಹಣ್ಣು ಕಳಿಯುವಾಗ ಒಳಗೆ ಏನಾಗುತ್ತದೆ ಅಂತ ಗೊತ್ತಿದ್ದರೆ ಮುಂದಿನದೆಲ್ಲ ಸುಲಭ. ನೀರು ಬಿಟ್ಟರೆ ಬಾಳೆಕಾಯಿಯಲ್ಲಿ ಇರುವುದು ಬಹುಪಾಲು ಪಿಷ್ಟ. ಅದಕ್ಕೇ ಅದು ಗಟ್ಟಿ, ಸಿಹಿಯೂ ಇಲ್ಲ. ಹಣ್ಣಾಗುತ್ತಾ ಹೋದಂತೆ ಕಿಣ್ವಗಳು ಆ ಪಿಷ್ಟವನ್ನು ಒಡೆದು ಸಕ್ಕರೆ ಮಾಡುತ್ತವೆ. ಚುಕ್ಕೆ ಬಿದ್ದ ಹಣ್ಣಿನಲ್ಲಿ ಪಿಷ್ಟ ಹೆಚ್ಚುಕಮ್ಮಿ ಮುಗಿದೇ ಹೋಗಿರುತ್ತದೆ. ಹೊರಗಿನಿಂದ ಯಾರೂ ಸಕ್ಕರೆ ತಂದು ಹಾಕಿಲ್ಲ, ಇದ್ದದ್ದೇ ರೂಪ ಬದಲಿಸಿದೆ. ಹಾಗಾಗಿ ಕಳಿತ ಹಣ್ಣಿನಲ್ಲಿ ಕ್ಯಾಲೊರಿ ಜಾಸ್ತಿ ಅನ್ನುವ ಮಾತನ್ನು ತಲೆಯಿಂದ ತೆಗೆದುಬಿಡಿ. 100 ಗ್ರಾಂ ಬಾಳೆಹಣ್ಣಿನಲ್ಲಿ ಸುಮಾರು 90 ಕ್ಯಾಲೊರಿ, ಎರಡೂವರೆ ಗ್ರಾಂ ನಾರು, 350 ಮಿಲಿಗ್ರಾಂನಷ್ಟು ಪೊಟ್ಯಾಸಿಯಂ ಇರುತ್ತದೆ. ಮುಕ್ಕಾಲು ಪಾಲು ನೀರು. ಕೊಬ್ಬು ಇಲ್ಲವೇ ಇಲ್ಲ ಅನ್ನಬಹುದು.

ಆದರೆ ಒಂದು ವ್ಯತ್ಯಾಸ ಇದೆ. ಪಿಷ್ಟ ಸಕ್ಕರೆಯಾದ ಮೇಲೆ ಅದು ರಕ್ತಕ್ಕೆ ಬೇಗ ಸೇರುತ್ತದೆ. ಸಕ್ಕರೆ ಕಾಯಿಲೆ ಇರುವವರು ಕಳಿತ ಹಣ್ಣನ್ನು ಲೆಕ್ಕ ಇಟ್ಟೇ ತಿನ್ನಬೇಕು. ಮೂತ್ರಪಿಂಡದ ತೊಂದರೆಯಿಂದ ಪೊಟ್ಯಾಸಿಯಂ ಕಮ್ಮಿ ಮಾಡಿ ಅಂತ ಡಾಕ್ಟರ್ ಹೇಳಿರುವವರಿಗೂ ಈ ಬರಹದ ತಿಂಡಿಗಳು ಹೊಂದುವುದಿಲ್ಲ.

ಇನ್ನು ಹೆಲ್ದಿ ವಿಚಾರ. ಬಾಳೆಹಣ್ಣು ಹಾಕಿದ ಮಾತ್ರಕ್ಕೆ ಕೇಕ್ ಹೆಲ್ದಿ ಆಗಲ್ಲ. ಎಷ್ಟೋ ರೆಸಿಪಿಗಳಲ್ಲಿ ಮೂರು ಹಣ್ಣಿನ ಜೊತೆಗೆ ಒಂದು ಕಪ್ ಸಕ್ಕರೆ ಇರುತ್ತದೆ, ಅಂದರೆ 200 ಗ್ರಾಂ. ಹನ್ನೆರಡು ತುಂಡು ಮಾಡಿದರೆ ಒಂದೊಂದರಲ್ಲಿ 16 ಗ್ರಾಂಗೂ ಮೇಲೆ, ಹಣ್ಣಿನ ಸಿಹಿ ಬಿಟ್ಟು! ಅದು ಬಾಳೆಹಣ್ಣಿನ ವಾಸನೆ ಇರುವ ಕೇಕ್ ಅಷ್ಟೇ. ಲಾಭ ಇರುವುದು ಹಣ್ಣನ್ನು ಹಾಕುವುದರಲ್ಲಲ್ಲ, ಹಣ್ಣು ಇದೆ ಅಂತ ಸಕ್ಕರೆ ಬಿಡುವುದರಲ್ಲಿ. ಸಕ್ಕರೆ ಬದಲು ಜೇನುತುಪ್ಪ, ಬೆಲ್ಲ ಹಾಕಿ ಸಮಾಧಾನ ಪಟ್ಟುಕೊಳ್ಳುವವರೂ ಇದ್ದಾರೆ. ಜೇನುತುಪ್ಪವನ್ನೂ ಸಿರಪ್‌ಗಳನ್ನೂ ವಿಶ್ವ ಆರೋಗ್ಯ ಸಂಸ್ಥೆ ಸಕ್ಕರೆಯ ಸಾಲಿನಲ್ಲೇ ಇಟ್ಟಿದೆ. ದಿನದ ಒಟ್ಟು ಕ್ಯಾಲೊರಿಯಲ್ಲಿ ಇಂಥ ಸಕ್ಕರೆ ಶೇಕಡ 10 ದಾಟಬಾರದು ಅಂತ 2015ರಲ್ಲಿ ಅದು ಹೇಳಿದೆ. 2,000 ಕ್ಯಾಲೊರಿ ತಿನ್ನುವವರಿಗೆ ಅದು 50 ಗ್ರಾಂ. ಹೆಸರು ಬದಲಿಸಿದರೆ ಲೆಕ್ಕ ಬದಲಾಗಲ್ಲ.

ಹಾಗಂತ ಇನ್ನೊಂದು ತುದಿಗೆ ಹೋಗಬೇಡಿ. ನಾನು ಹೋಗಿ ಬಂದಿದ್ದೇನೆ. ಬಾಳೆಹಣ್ಣು ಸಕ್ಕರೆಗೆ ಬದಲಿ, ಮೊಟ್ಟೆಗೆ ಬದಲಿ, ಎಣ್ಣೆಗೂ ಬದಲಿ ಅಂತ ಓದಿದ್ದೆ. ಮೂರೂ ನಿಜವೇ. ಮೂರನ್ನೂ ಒಟ್ಟಿಗೆ ಮಾಡಿದರೆ ಏನಾಗುತ್ತದೆ ಅಂತ ಯಾರೂ ಬರೆದಿರಲಿಲ್ಲ. ಒಮ್ಮೆ ಬನಾನಾ ಬ್ರೆಡ್ (ಬಾಳೆಹಣ್ಣು ಹಾಕಿ ಮಾಡುವ, ಕೇಕಿನಂಥದೇ ತಿಂಡಿ) ಮಾಡುವಾಗ ಸಕ್ಕರೆ ಬಿಟ್ಟೆ, ಮೊಟ್ಟೆ ಬಿಟ್ಟೆ, ಎಣ್ಣೆ ಒಂದು ಹನಿಯೂ ಹಾಕಲಿಲ್ಲ. ಬರೀ ಗೋಧಿಹಿಟ್ಟು, ಐದು ಹಣ್ಣು, ಸೋಡಾ. ಓವನ್‌ನಲ್ಲಿ ಚೆನ್ನಾಗೇ ಉಬ್ಬಿತು. ಹೊರಗೆ ತೆಗೆದ ಹತ್ತು ನಿಮಿಷಕ್ಕೆ ನಡು ಕುಸಿದು ಕೂತಿತು. ಕತ್ತರಿಸಿದರೆ ಚಾಕುವಿಗೆ ಅಂಟು. ಬಾಯಿಗಿಟ್ಟರೆ ರಬ್ಬರ್. ತಳದಲ್ಲಿ ಬೆರಳಗಲ ಹಸಿ ಹಿಟ್ಟಿನಂಥ ಪದರ. ಮನೆಯವರು ಒಂದೊಂದು ತುಂಡು ತಿಂದು, ನೀರು ಕುಡಿದು, ಚೆನ್ನಾಗಿದೆ ಅಂದರು. ಎರಡನೇ ತುಂಡು ಯಾರೂ ಕೇಳಲಿಲ್ಲ.

ಕಾರಣ ಆಮೇಲೆ ತಿಳಿಯಿತು. ಎಣ್ಣೆ ಇರುವುದು ರುಚಿಗೆ ಮಾತ್ರ ಅಲ್ಲ. ಹಿಟ್ಟಿನಲ್ಲಿರುವ ಗ್ಲುಟೆನ್ ಅನ್ನುವ ಅಂಟು ಪ್ರೋಟೀನ್ ಎಳೆಎಳೆಯಾಗಿ ಬಿಗಿಯದಂತೆ ತಡೆಯುವುದೂ ಅದೇ. ಮೊಟ್ಟೆ ಬೆಂದು ಗಟ್ಟಿಯಾಗಿ ಉಬ್ಬಿದ್ದನ್ನು ಹಿಡಿದು ನಿಲ್ಲಿಸುತ್ತದೆ. ಬಾಳೆಹಣ್ಣು ಹಿಟ್ಟನ್ನು ಅಂಟಿಸುತ್ತದೆ, ಒದ್ದೆ ಇಡುತ್ತದೆ. ಆದರೆ ಅದರ ಮುಕ್ಕಾಲು ಭಾಗ ನೀರು ಅಲ್ವಾ? ನೀರು ಹೆಚ್ಚಾಗಿ, ಹಿಡಿಯುವವರು ಯಾರೂ ಇಲ್ಲದೆ ನನ್ನ ಬ್ರೆಡ್ ಕುಸಿಯಿತು. ಈಗ ನನ್ನ ನಿಯಮ ಇಷ್ಟೇ: ಸಕ್ಕರೆಯನ್ನು ಧಾರಾಳವಾಗಿ ಇಳಿಸು, ಎಣ್ಣೆಯನ್ನು ಅರ್ಧ ಮಾಡು, ಮೊಟ್ಟೆಯನ್ನು ಮುಟ್ಟಬೇಡ. ಮೊಟ್ಟೆ ತಿನ್ನದವರು ಒಂದು ಮೊಟ್ಟೆಗೆ ಅರ್ಧ ಹಣ್ಣಿನಂತೆ ಕಿವುಚಿ ಹಾಕಿ, ಆದರೆ ಆಗ ಎಣ್ಣೆಯನ್ನು ಬಿಡಬೇಡಿ.

ನಾನು ಈಗ ಮಾಡುವ ಬನಾನಾ ಬ್ರೆಡ್ ಹೀಗೆ. ಚೆನ್ನಾಗಿ ಕಳಿತ ಮೂರು ದೊಡ್ಡ ಹಣ್ಣು, ಸುಲಿದ ಮೇಲೆ 350 ಗ್ರಾಂ ತೂಗಬೇಕು. ಹಣ್ಣಿನ ಗಾತ್ರ ಒಂದೇ ಥರ ಇರಲ್ಲ, ಅದಕ್ಕೇ ತೂಕದ ಮಾತು. ಅಗಲ ಬಟ್ಟಲಿನಲ್ಲಿ ಫೋರ್ಕ್‌ನಿಂದ ಕಿವುಚಿ. ಮಿಕ್ಸಿಗೆ ಹಾಕಬೇಡಿ, ಪೂರಾ ನುಣ್ಣಗಾದರೆ ಬ್ರೆಡ್ಡೂ ಅಂಟಂಟಾಗುತ್ತದೆ. ಅಲ್ಲೊಂದು ಇಲ್ಲೊಂದು ಗಂಟು ಉಳಿಯಲಿ. ಅದಕ್ಕೆ ಎರಡು ಮೊಟ್ಟೆ, 60 ಮಿಲಿ ಎಣ್ಣೆ, ನಾಲ್ಕು ಚಮಚ ಗಟ್ಟಿ ಮೊಸರು, 50 ಗ್ರಾಂ ಸಕ್ಕರೆ ಸೇರಿಸಿ ಕಲಕಿ. ಇನ್ನೊಂದು ಬಟ್ಟಲಲ್ಲಿ 220 ಗ್ರಾಂ ಗೋಧಿಹಿಟ್ಟು, ಒಂದು ಟೀ ಚಮಚ ಅಡುಗೆ ಸೋಡಾ, ಅರ್ಧ ಟೀ ಚಮಚ ಉಪ್ಪು, ಬೇಕಿದ್ದರೆ ಚಕ್ಕೆ ಪುಡಿ. ಉಪ್ಪು ಮರೆಯಬೇಡಿ. ಸಕ್ಕರೆ ಕಮ್ಮಿ ಇರುವ ತಿಂಡಿಯಲ್ಲಿ ಸಿಹಿಯನ್ನು ಎತ್ತಿ ತೋರಿಸುವುದು ಉಪ್ಪೇ.

ಒಣ ಹಿಟ್ಟನ್ನು ಹಣ್ಣಿನ ಮಿಶ್ರಣಕ್ಕೆ ಸುರಿದು ಸೌಟಿನಿಂದ ಮೆಲ್ಲಗೆ ಮಡಚಿ ಮಡಚಿ ಬೆರೆಸಿ. ಬಿಳಿ ಹಿಟ್ಟು ಕಾಣದಾದ ಕ್ಷಣ ಕೈ ನಿಲ್ಲಿಸಿ. ಇಲ್ಲೇ ತುಂಬಾ ಜನ ತಪ್ಪುವುದು. ಚೆನ್ನಾಗಿ ಕಲಸಬೇಕು ಅನ್ನುವ ಅಭ್ಯಾಸ ಕೈಯಲ್ಲಿ ಕೂತುಬಿಟ್ಟಿರುತ್ತದೆ. ಇಲ್ಲಿ ಕಲಸಿದಷ್ಟೂ ರಬ್ಬರ್. ಹಣ್ಣಿನಲ್ಲೂ ಮೊಸರಿನಲ್ಲೂ ಹುಳಿ ಇರುವುದರಿಂದ ಸೋಡಾ ಕೂಡಲೇ ಕೆಲಸ ಶುರು ಮಾಡುತ್ತದೆ, ಬಟ್ಟಲಲ್ಲೇ ಸಣ್ಣ ಗುಳ್ಳೆಗಳು ಏಳುವುದು ಕಾಣುತ್ತದೆ. ಹಾಗಾಗಿ ಓವನ್ ಮೊದಲೇ ಬಿಸಿಯಾಗಿರಲಿ. ಎಣ್ಣೆ ಸವರಿದ ಟಿನ್‌ಗೆ ಸುರಿದು 170 ಡಿಗ್ರಿಯಲ್ಲಿ ಸುಮಾರು 55 ನಿಮಿಷ. ಕಡ್ಡಿ ಚುಚ್ಚಿದರೆ ಒಂದೆರಡು ಒದ್ದೆ ತುಣುಕು ಅಂಟಿದರೆ ಪರವಾಗಿಲ್ಲ, ಹಸಿ ಹಿಟ್ಟು ಅಂಟಬಾರದು. ಮೇಲೆ ಬೇಗ ಕಪ್ಪಾದರೆ ಫಾಯಿಲ್ ಮುಚ್ಚಿ. ಸೋಡಾ ಒಂದು ಚಮಚಕ್ಕಿಂತ ಜಾಸ್ತಿ ಹಾಕಿದರೆ ಸಾಬೂನಿನ ರುಚಿ ಬರುತ್ತದೆ. ಪೂರ್ತಿ ಆರಿದ ಮೇಲೆ ಕತ್ತರಿಸಿ. ಮರುದಿನ ಇನ್ನೂ ರುಚಿ, ಆದರೆ ಮರುದಿನದವರೆಗೆ ಉಳಿಸುವುದು ನಿಮ್ಮ ಸಾಮರ್ಥ್ಯ. ಹನ್ನೆರಡು ತುಂಡು ಮಾಡಿದರೆ ಒಂದರಲ್ಲಿ ನಾವು ಹಾಕಿದ ಸಕ್ಕರೆ ನಾಲ್ಕು ಗ್ರಾಂ ಚಿಲ್ಲರೆ.

ಓವನ್ ಇಲ್ಲದವರಿಗೆ ಪ್ಯಾನ್‌ಕೇಕ್. ಒಂದು ಹಣ್ಣು, ಎರಡು ಮೊಟ್ಟೆ ಸಾಕು ಅಂತ ಎಲ್ಲ ಕಡೆ ಓದಿರುತ್ತೀರಿ. ಸಾಕು, ಆದರೆ ಮಗುಚಿ ಹಾಕುವಾಗ ಹರಿದು ಹೋಗುತ್ತದೆ. ಮೂರು ದೊಡ್ಡ ಚಮಚ ಓಟ್ಸ್ ಪುಡಿ ಸೇರಿಸಿ ಐದು ನಿಮಿಷ ಬಿಡಿ, ಹದಕ್ಕೆ ಬರುತ್ತದೆ. ಅಂಗೈಗಿಂತ ಚಿಕ್ಕದಾಗಿ ಹಾಕಿ. ಉರಿ ಸಣ್ಣಗಿರಲಿ, ಹಣ್ಣಿನ ಸಕ್ಕರೆ ಬೇಗ ಸೀಯುತ್ತದೆ. ನಡುವೆ ಗುಳ್ಳೆ ಎದ್ದು ಅಂಚು ಒಣಗುವವರೆಗೆ ಮಗುಚುವ ಆಸೆ ತಡೆದುಕೊಳ್ಳಿ. ಮೇಲೆ ಸಿರಪ್ ಸುರಿದರೆ ಇಷ್ಟು ಹೊತ್ತು ಮಾಡಿದ್ದೆಲ್ಲ ದಂಡ.

ಎರಡು ಹಣ್ಣು, ಒಂದೂವರೆ ಕಪ್ ಓಟ್ಸ್ ಸೇರಿಸಿ ಮಾಡುವ ಕುಕೀಗಳ ಬಗ್ಗೆಯೂ ತುಂಬಾ ಕೇಳ್ತಾರೆ. ಮಾಡಿ, ಆದರೆ ಕುಕೀ ಅಂತ ಕರೆಯಬೇಡಿ. ಗರಿಗರಿ ಆಗಲ್ಲ. ಮೆತ್ತಗೆ, ಅಗಿಯುವ ಹಾಗೆ ಇರುತ್ತದೆ. ತಾನಾಗಿ ಹರಡುವುದೂ ಇಲ್ಲ, ಬೆರಳಿನಿಂದ ತಟ್ಟಿಯೇ ಇಡಬೇಕು. 175 ಡಿಗ್ರಿಯಲ್ಲಿ 15 ನಿಮಿಷ. ಒಣದ್ರಾಕ್ಷಿ, ಅಕ್ರೋಟ್ ಸೇರಿಸಿದರೆ ತಿನ್ನೋ ಹಾಗಿರುತ್ತದೆ. ಸುಮ್ನೆ ಹಣ್ಣು, ಓಟ್ಸ್ ಮಾತ್ರ ಅಂದರೆ ನನಗಂತೂ ಸಪ್ಪೆ.

ಕಳಿಯದ ಹಣ್ಣನ್ನು ಓವನ್‌ನಲ್ಲಿಟ್ಟು ದಿಢೀರ್ ಹಣ್ಣು ಮಾಡಬಹುದಾ? ಸಿಪ್ಪೆ ಕಪ್ಪಾಗುತ್ತದೆ, ತಿರುಳು ಮೆತ್ತಗಾಗುತ್ತದೆ, ನೋಡಲು ಥೇಟ್ ಕಳಿತ ಹಣ್ಣು. ಸಿಹಿ ಮಾತ್ರ ಅಷ್ಟು ಬರಲ್ಲ. ಪಿಷ್ಟ ಒಡೆಯುವ ಕಿಣ್ವಗಳಿಗೆ ದಿನಗಳು ಬೇಕು, ಬಿಸಿ ಜಾಸ್ತಿಯಾದರೆ ಅವೇ ಸತ್ತುಹೋಗುತ್ತವೆ. ಅದರ ಬದಲು ಕಾಗದದ ಚೀಲದಲ್ಲಿ ಒಂದು ಸೇಬಿನ ಜೊತೆ ಇಟ್ಟು ಬಾಯಿ ಮಡಚಿ. ಎರಡೂ ಬಿಡುವ ಎಥಿಲೀನ್ ಅನಿಲ ಒಳಗೇ ಉಳಿದು ಹಣ್ಣು ಬೇಗ ಮಾಗುತ್ತದೆ.

ಇವತ್ತು ಅಡುಗೆ ಮಾಡಲು ಪುರುಸೊತ್ತಿಲ್ಲವೇ? ಫ್ರೀಜರ್‌ಗೆ ಹಾಕಿ. ಸಿಪ್ಪೆ ಸುಲಿದೇ ಹಾಕಿ, ದಯವಿಟ್ಟು. ಸಿಪ್ಪೆ ಸಮೇತ ಹೆಪ್ಪುಗಟ್ಟಿದ ಹಣ್ಣನ್ನು ಸುಲಿಯಲು ಹೋಗಿ ಉಗುರು ಸಂದಿಯೆಲ್ಲ ಮರಗಟ್ಟಿದ ಮೇಲೆ ನಾನು ಕಲಿತ ಪಾಠ ಅದು. ಬಿಲ್ಲೆ ಬಿಲ್ಲೆಯಾಗಿ ಕತ್ತರಿಸಿ, ತಟ್ಟೆಯಲ್ಲಿ ಒಂದಕ್ಕೊಂದು ತಾಗದಂತೆ ಹರಡಿ ಹೆಪ್ಪುಗಟ್ಟಿಸಿ, ಆಮೇಲೆ ಚೀಲಕ್ಕೆ ತುಂಬಿ. ಎರಡು ಮೂರು ತಿಂಗಳು ಚೆನ್ನಾಗಿರುತ್ತದೆ. ಆ ಬಿಲ್ಲೆಗಳನ್ನು ಹಾಗೇ ಮಿಕ್ಸಿಗೆ ಹಾಕಿ ತಿರುಗಿಸಿ. ಮೊದಲು ಮರಳಿನಂತೆ ಪುಡಿಪುಡಿಯಾಗುತ್ತದೆ. ಆಗ ಕೈಬಿಡಬೇಡಿ, ಬದಿಗೆ ಅಂಟಿದ್ದನ್ನು ಕೆರೆದು ಇನ್ನೊಂದು ನಿಮಿಷ ತಿರುಗಿಸಿ. ಇದ್ದಕ್ಕಿದ್ದಂತೆ ನುಣ್ಣಗೆ, ಬೆಣ್ಣೆಯಂತೆ ಸುತ್ತತೊಡಗುತ್ತದೆ. ಹಾಲಿಲ್ಲ, ಕ್ರೀಮ್ ಇಲ್ಲ, ಸಕ್ಕರೆ ಇಲ್ಲ, ಐಸ್‌ಕ್ರೀಮ್! ಒಂದು ಚಮಚ ಕೋಕೋ ಪುಡಿ ಹಾಕಿದರೆ ಮಕ್ಕಳಿಗೆ ಗುಟ್ಟೇ ಗೊತ್ತಾಗಲ್ಲ. ಕೂಡಲೇ ತಿನ್ನಬೇಕು, ಮತ್ತೆ ಫ್ರೀಜರ್‌ಗಿಟ್ಟರೆ ಕಲ್ಲು.

ಹೆಪ್ಪುಗಟ್ಟಿದ ಹಣ್ಣನ್ನು ಬೇಕಿಂಗ್‌ಗೆ ಬಳಸುವಾಗ ಕರಗಿಸಿದರೆ ಕಂದು ನೀರು ಬಿಡುತ್ತದೆ. ನೋಡಲು ಚೆನ್ನಾಗಿರಲ್ಲ, ಚೆಲ್ಲಬೇಕು ಅನಿಸುತ್ತದೆ. ಚೆಲ್ಲಬೇಡಿ, ಸಿಹಿಯೂ ಘಮವೂ ಆ ನೀರಲ್ಲೇ ಇದೆ. ಚಿಕ್ಕ ಪಾತ್ರೆಯಲ್ಲಿ ಅರ್ಧಕ್ಕೆ ಬರುವವರೆಗೆ ಕುದಿಸಿ, ಆರಿಸಿ, ತಿರುಳಿನ ಜೊತೆ ಮತ್ತೆ ಬೆರೆಸಿ. ನೀರು ಕಮ್ಮಿಯಾಗಿ ಬ್ರೆಡ್ ಹಗುರಾಗುತ್ತದೆ, ಸಕ್ಕರೆ ಇನ್ನೂ ಒಂದು ಚಮಚ ಕಮ್ಮಿ ಮಾಡಿದರೂ ನಡೆಯುತ್ತದೆ.

"ನನ್ನ ಹತ್ರ ಇರೋದು ಒಂದೇ ಹಣ್ಣು" ಅಂತ ಬರೆಯುವವರೇ ಹೆಚ್ಚು. ಒಂದಕ್ಕಾಗಿ ಓವನ್ ಹಚ್ಚಬೇಡಿ. ಬೆಳಗ್ಗೆ ಓಟ್ಸ್ ಗಂಜಿ ಬೇಯುವಾಗ ಕೊನೆಯ ಎರಡು ನಿಮಿಷ ಇರುವಂತೆ ಕಿವುಚಿ ಹಾಕಿ, ಚಿಟಿಕೆ ಉಪ್ಪು ಹಾಕಿ. ಸಕ್ಕರೆ ಬೇಕು ಅಂತ ಅನಿಸುವುದೇ ಇಲ್ಲ. ಅದೂ ಬೇಡ ಅಂದರೆ ಆ ಒಂದನ್ನು ಸುಲಿದು ಫ್ರೀಜರ್‌ನ ಚೀಲಕ್ಕೆ ಸೇರಿಸಿ, ಚೀಲದ ಮೇಲೆ ಪೆನ್ನಿನಲ್ಲಿ ಒಂದು ಗೀಟು ಎಳೆಯಿರಿ. ಮೂರು ಗೀಟಾದ ದಿನ ಓವನ್ ಹಚ್ಚಿ.